ಖಾಲಿ ಟ್ಯೂಬಿನಲ್ಲಿ ಸಿಕ್ಕ ವೈರಸ್

ವಿಚಿತ್ರ ಅನುಭವಗಳೆಂದು ಓದುಗರು ಬರೆದು ಕಳಿಸುತ್ತಿದ್ದ ಲೇಖನಗಳನ್ನು ವರ್ಷಗಟ್ಟಲೆ ಪಕ್ಕಕ್ಕೆ ಸರಿಸಿದವನು ನಾನು. ಮುಂಬಯಿಯ ಕನ್ನಡ ಪತ್ರಿಕೆಯೊಂದರಲ್ಲಿ ವರದಿಗಾರನಾಗಿದ್ದೆ, ಆಮೇಲೆ ಸುದ್ದಿ ವಿಭಾಗ ನೋಡಿಕೊಂಡೆ. ಯಾರು ನೋಡಿದರು, ಯಾವಾಗ, ಜೊತೆಯಲ್ಲಿ ಬೇರೆ ಯಾರಿದ್ದರು ಎಂದು ಕೇಳಿದರೆ ಹೆಚ್ಚಿನ ದೆವ್ವಗಳು ಅಲ್ಲಿಗೇ ನಿಲ್ಲುತ್ತವೆ. ಈಗ ನಾನು ಹೇಳುವ ಸಂಗತಿಯಲ್ಲಿ ಈ ಪ್ರಶ್ನೆಗಳಿಗೆಲ್ಲ ಉತ್ತರವಿದೆ. ಅದರಿಂದ ಏನೂ ಉಪಯೋಗವಾಗಲಿಲ್ಲ.

ದಹಿಸರ್‌ನಲ್ಲಿ ನಮ್ಮ ಬಿಲ್ಡಿಂಗಿನಲ್ಲೇ ಪ್ರತೀಕ್ಷಾಳ ಮನೆ. ಅಪ್ಪ ಕಾರ್ಕಳದ ಕಡೆಯವರು, ಬೊರಿವಲಿಯ ಹೋಟೆಲೊಂದರಲ್ಲಿ ಮ್ಯಾನೇಜರ್. ಆಕೆ ಪವಾಯಿಯ ಒಂದು ಪ್ರಯೋಗಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಸಮುದ್ರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳಿರುತ್ತವೆ. ಅವಕ್ಕೂ ವೈರಸ್ ತಗಲುತ್ತದೆ. ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ದೋಣಿಯಲ್ಲಿ ಹೋಗಿ ನೀರು ತರುವುದು, ಅದರಲ್ಲಿರುವ ವೈರಸ್ಸಿನ ಜೀನೋಮನ್ನು ಹಿಂದಿನ ವರ್ಷದ್ದರ ಜೊತೆ ಹೋಲಿಸುವುದು ಅವಳ ಕೆಲಸ. ಜೀನೋಮ್ ಎಂದರೆ ನಾಲ್ಕೇ ಅಕ್ಷರಗಳಲ್ಲಿರುವ ಬಹಳ ಉದ್ದದ ಬರಹ ಎಂದುಕೊಳ್ಳಿ. ನಮ್ಮಲ್ಲಿ ಕರಡು ತಿದ್ದುವವರು ಎರಡು ಪ್ರತಿಗಳನ್ನು ಅಕ್ಷರಕ್ಕಕ್ಷರ ನೋಡುವಂತೆ ಅಲ್ಲಿ ಕಂಪ್ಯೂಟರ್ ನೋಡುತ್ತದೆ. ವರ್ಷದಿಂದ ವರ್ಷಕ್ಕೆ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗಿರುತ್ತದೆ.

ಇಂಥ ಕೆಲಸದಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿಯಿದೆ. ಸಮುದ್ರದ ನೀರಿನ ಟ್ಯೂಬುಗಳ ಜೊತೆಗೆ ಬರೀ ಶುದ್ಧ ನೀರಿನ ಟ್ಯೂಬೊಂದನ್ನೂ ಇಡುತ್ತಾರೆ. ಅದನ್ನು ಬ್ಲ್ಯಾಂಕ್, ಅಂದರೆ ಖಾಲಿ, ಎನ್ನುತ್ತಾರೆ. ಮಿಕ್ಕವುಗಳಿಗೆ ಏನೇನು ಮಾಡುತ್ತಾರೋ ಅದಕ್ಕೂ ಅಷ್ಟನ್ನೂ ಮಾಡುತ್ತಾರೆ. ಅದರಲ್ಲಿ ಏನೂ ಸಿಗಬಾರದು. ಸಿಕ್ಕರೆ ಎಲ್ಲೋ ಕೊಳಕು ಸೇರಿದೆ ಎಂದರ್ಥ, ಆ ಸಲದ ಫಲಿತಾಂಶವನ್ನೆಲ್ಲ ಬಿಸಾಡಬೇಕು.

ಪ್ರತೀಕ್ಷಾಳ ಬ್ಲ್ಯಾಂಕಿನಲ್ಲಿ ಇಡೀ ವೈರಸ್ಸೇ ಸಿಕ್ಕಿತು.

“ನೀರು ಬಿಟ್ರೆ ಕುಛ್ ಭೀ ನಹೀ ಅಂಕಲ್ ಅದ್ರಲ್ಲಿ,” ಎಂದಳು, ಲೋಕಲ್ ರೈಲಿನಲ್ಲಿ ಸಿಕ್ಕಾಗ. “ಗೈಡ್ ಸರ್ ಹೇಳ್ತಾರೆ ನಾನೇ ಗಲೀಜು ಮಾಡಿದ್ದಂತೆ. ಆದ್ರೆ ನಮ್ಮ ಲ್ಯಾಬಲ್ಲಿ ಆ ವೈರಸ್ಸೇ ಇಲ್ಲ. ಇಲ್ಲದ್ದು ಹೇಗೆ ಬೀಳ್ತದೆ?”

ಹೋಲಿಸಿದಾಗ ಅದು ಅವಳ ಬಳಿಯಿದ್ದ ಯಾವ ವರ್ಷದ ವೈರಸ್ಸಿಗೂ ಪೂರ್ತಿ ತಾಳೆಯಾಗಿರಲಿಲ್ಲವಂತೆ. ಜಗತ್ತಿನ ಪ್ರಯೋಗಾಲಯಗಳು ಎಲ್ಲರಿಗೂ ಸಿಗುವಂತೆ ಇಟ್ಟಿರುವ ಜೀನೋಮುಗಳಲ್ಲೂ ಅದಿರಲಿಲ್ಲ. ಅವಳ ವಿದ್ಯಾರ್ಥಿವೇತನ ಮುಗಿಯುತ್ತ ಬಂದಿತ್ತು. ಈ ಹೋಲಿಕೆಯನ್ನು ಪರೀಕ್ಷಕರು ಒಪ್ಪದಿದ್ದರೆ ಪ್ರಬಂಧವೂ ಇಲ್ಲ, ಪದವಿಯೂ ಇಲ್ಲ.

ಇನ್ನೊಮ್ಮೆ ಮಾಡಲು ಅವಳ ಮಾರ್ಗದರ್ಶಕರು ಒಪ್ಪಿದರು. ಈ ಸಲ ಬ್ಲ್ಯಾಂಕ್ ತುಂಬಲು ಅವಳು ನನ್ನನ್ನು ಕರೆದಳು. ತನ್ನ ಕೈಯ ಮೇಲೆ ಅನುಮಾನ ಬಂದಿದೆ, ಹಾಗಾಗಿ ಬೇರೆಯವರ ಕೈ ಇರಲಿ ಎಂಬುದು ಅವಳ ಲೆಕ್ಕ. ಹೇಗೂ ನಾನು ಆ ಪ್ರಯೋಗಾಲಯದ ಬಗ್ಗೆ ಲೇಖನ ಬರೆಯುವವನಿದ್ದೆ. ಮಧ್ಯಾಹ್ನದ ಹೊತ್ತು. ಕೈಗವಸು, ಮುಖಕ್ಕೆ ಮಾಸ್ಕ್, ಮೈಮೇಲೆ ಅವರೇ ಕೊಟ್ಟ ಕೋಟು. ಹೊಸ ಟ್ಯೂಬಿನ ಪೊಟ್ಟಣ ಒಡೆದವನು ನಾನು, ಹೊಸ ಬಾಟಲಿಯ ನೀರು ಹಾಕಿದವನು ನಾನು, ಮುಚ್ಚಳ ಹಾಕಿ ಸಹಿ ಮಾಡಿದವನೂ ನಾನೇ.

ಅದೇ ವೈರಸ್ ಸಿಕ್ಕಿತು. ಮೊದಲ ಬ್ಲ್ಯಾಂಕಿನದಕ್ಕೂ ಇದಕ್ಕೂ ಒಂದಕ್ಷರದ ವ್ಯತ್ಯಾಸವಿರಲಿಲ್ಲ. ಅದು ಮಳೆಗಾಲಕ್ಕೆ ಮೊದಲು.

ಮಳೆ ನಿಂತ ಮೇಲೆ ಸಮುದ್ರದ ನೀರು ತರಲು ನಾನೂ ದೋಣಿಯಲ್ಲಿ ಹೋದೆ. ಬಾಟಲಿಗಳು ನನ್ನ ಕಣ್ಣೆದುರೇ ತುಂಬಿದವು. ಕೆಲವು ವಾರಗಳ ನಂತರ ಪ್ರತೀಕ್ಷಾ ಫೋನ್ ಮಾಡಿ ಬರಲು ಹೇಳಿದಳು. ಪರದೆಯ ಮೇಲೆ ಎರಡು ಸಾಲುಗಳಿದ್ದವು. ಮೇಲಿನದು ಆ ವರ್ಷ ಸಮುದ್ರದಲ್ಲಿ ಸಿಕ್ಕ ವೈರಸ್, ಕೆಳಗಿನದು ನಾನು ತುಂಬಿದ್ದ ಬ್ಲ್ಯಾಂಕ್. ವ್ಯತ್ಯಾಸವಿದ್ದಲ್ಲಿ ಕೆಂಪು ಗುರುತು ಬರಬೇಕು. ಅವಳು ಕೊನೆಯವರೆಗೂ ಸರಿಸುತ್ತ ಹೋದಳು. ಕೆಂಪು ಎಲ್ಲೂ ಬರಲಿಲ್ಲ.

ಸಮುದ್ರಕ್ಕೆ ಆಮೇಲೆ ಬಂದದ್ದು ಖಾಲಿ ಟ್ಯೂಬಿಗೆ ಮೊದಲೇ ಬಂದಿತ್ತು.

ಮಾರ್ಗದರ್ಶಕರು ಧಾರವಾಡದ ಕಡೆಯವರು, ಒಳ್ಳೆಯ ಮನುಷ್ಯ. ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿ ನಕ್ಕರು. “ನೀವು ಪೇಪರಿನವ್ರು ಖಾಲಿ ಜಾಗಾದಾಗೂ ಸುದ್ದಿ ಹುಡುಕವ್ರು ಬಿಡ್ರಿ.” ಆಮೇಲೆ ನಗು ಬಿಟ್ಟು ಕೇಳಿದರು, “ಟ್ಯೂಬ್ ಖಾಲಿ ಇತ್ತು ಅಂತ ನಿಮಗ ಹೆಂಗ ಗೊತ್ತಾತು?”

“ನಾನೇ ನೋಡಿದ್ದೇನೆ,” ಎಂದೆ.

“ವೈರಸ್ ಕಣ್ಣಿಗೆ ಕಾಣತಾವೇನ್ರಿ?”

ಆ ವೈರಸ್ ಮೊದಲೇ ಸಮುದ್ರದಲ್ಲಿ ಎಲ್ಲೋ ಸ್ವಲ್ಪ ಇದ್ದಿರಬಹುದು, ಧೂಳಿನಲ್ಲೋ ನನ್ನ ಬಟ್ಟೆಯಲ್ಲೋ ಒಳಗೆ ಬಂದಿರಬಹುದು ಎಂದರು. ಹಾಗಾದರೆ ನಾನು ಕಾಲಿಡುವ ಮುಂಚಿನ ಮೊದಲ ಬ್ಲ್ಯಾಂಕಿಗೆ ಅದು ಹೇಗೆ ಬಂತು ಎಂದು ಕೇಳಿದೆ. ಅದು ಅವಳ ಕೈತಪ್ಪು ಎಂದರು. ತರಬೇತಿಯಿಲ್ಲದ ಹೊರಗಿನವನೊಬ್ಬ ಮುಟ್ಟಿದ ಟ್ಯೂಬನ್ನು ಯಾವ ಪರೀಕ್ಷಕರೂ ಒಪ್ಪುವುದಿಲ್ಲ ಎಂದೂ ಹೇಳಿದರು. ಅವಳು ತನಗೆ ಬಲವಾಗಲೆಂದು ಕರೆತಂದ ಸಾಕ್ಷಿ ನಾನೇ ಅವಳಿಗೆ ವಿರುದ್ಧವಾದೆ. ಪ್ರತೀಕ್ಷಾ ಮೇಜಿನ ಅಂಚು ಹಿಡಿದು ನಿಂತಿದ್ದಳು. ಆ ಹೋಲಿಕೆ ಪ್ರಬಂಧದಿಂದ ಹೊರಬಿತ್ತು. ಉಳಿದದ್ದು ಪದವಿಗೆ ಸಾಲಲಿಲ್ಲ.

ಈಗ ಅವಳು ಪರೇಲ್‌ನ ಆಸ್ಪತ್ರೆಯೊಂದರಲ್ಲಿ ರೋಗಿಗಳ ರಕ್ತದಲ್ಲಿ ವೈರಸ್ ಪತ್ತೆ ಹಚ್ಚುವ ವಿಭಾಗದಲ್ಲಿದ್ದಾಳೆ. ನನಗೆ ತಿಳಿದ ವಿಜ್ಞಾನಿಗಳನ್ನೆಲ್ಲ ಕೇಳಿದ್ದೇನೆ. ಎಲ್ಲರೂ ಕೊಳಕು ಸೇರಿದ್ದು ಎಂದೇ ಹೇಳುತ್ತಾರೆ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಲೇಖನ ಬರೆಯಲಿಲ್ಲ. ಏನೆಂದು ಬರೆಯುವುದು?

ಇತ್ತೀಚೆಗೆ ದಾದರ್ ಸ್ಟೇಷನ್‌ನಲ್ಲಿ ಸಿಕ್ಕಳು. ಕೆಲಸ ಹೇಗಿದೆ ಎಂದು ಕೇಳಿದೆ.

“ಅಲ್ಲಿ ಕೂಡ ದಿನಾ ಬ್ಲ್ಯಾಂಕ್ ಇಡ್ಲಿಕ್ಕುಂಟು ಅಂಕಲ್.”

“ಏನು ಬರ್ತದೆ?”

“ಏನೂ ಇಲ್ಲ. ಅಭೀ ತಕ್, ಇಷ್ಟರವರೆಗೆ.” ಗಾಡಿ ಬಂತು, ಜನ ನುಗ್ಗಿದರು. ಅವಳು ಹತ್ತಲಿಲ್ಲ. “ಪಾಚಿದ್ದಲ್ಲ, ಮನುಷ್ಯರದ್ದಲ್ವಾ ಇದು? ಒಂದು ದಿನ ಬ್ಲ್ಯಾಂಕಲ್ಲಿ ಹೊಸ ವೈರಸ್ ಬಂದ್ರೆ ನಾನು ಯಾರಿಗೆ ಹೇಳುದು?”

ಅವರಿವರನ್ನೆಲ್ಲ ನೆನಪಿಸಿಕೊಂಡೆ. ಈ ಊರಿನಲ್ಲಿ ಇಷ್ಟು ವರ್ಷ ಸುದ್ದಿಯ ಕೆಲಸ ಮಾಡಿದವನಿಗೆ ಒಂದು ಹೆಸರೂ ಹೇಳಲಾಗಲಿಲ್ಲ.