ಒಂದು ವಾಫಲ್ ಬೇಯುವಷ್ಟು ಓದು

ಊರಿನ ಸೇವಾ ಕ್ಲಬ್ಬಿನಲ್ಲಿ ಒಂದೇ ಒಂದು ವಾಫಲ್ ತಿಂದರೂ ಸಾಯುವ ತನಕ ಸದಸ್ಯನಾಗಿರಬೇಕು ಎಂದು ಯೋಸ್ಟೇನ್ ಬಲವಾಗಿ ನಂಬಿದ್ದ. ಅವನ ಚಿಕ್ಕಪ್ಪ ವಾಫಲ್ ತಿನ್ನಲು ಒಳಗೆ ಹೋದವನು, ಕಡೆಯವರೆಗೂ ಕ್ಲಬ್ಬಿನ ಹಳೇ ಸಾಮಾನಿನ ಸಂತೆಗೆ ಸೋಫಾ ಹೊತ್ತಿದ್ದ. ಇನ್ನೇನು ಸಾಕ್ಷಿ ಬೇಕು? ಮಂಗಳವಾರ ಸಂಜೆ ಮೀನಿನ ಕಾರ್ಖಾನೆಯಿಂದ ಮನೆಗೆ ಹೋಗುವಾಗ ಕ್ಲಬ್ಬಿನ ಕಿಟಕಿಯಿಂದ ವಾಫಲಿನ ಏಲಕ್ಕಿ ಘಮ ಬರುತ್ತಿತ್ತು. ಈ ಮಹಾಶಯ ಉಸಿರು ಬಿಗಿಹಿಡಿದು ರಸ್ತೆಯ ಆಚೆ ಬದಿಯಲ್ಲಿ ನಡೆಯುತ್ತಿದ್ದ.

ಅವನನ್ನು ಒಳಗೆ ತಳ್ಳಿದ್ದು ತಂಗಿ ತೋರಿಲ್. "ಅಪ್ಪ ಇಲ್ಲ. ನನ್ನ ಮದುವೆ ಊಟ ನೀನೇ ನಡೆಸ್ಬೇಕು ಕಣೋ," ಅಂದಳು. ಊಟ ನಡೆಸುವವನು ಬರಲಾಗದವರು ಕಳಿಸಿದ ಶುಭಾಶಯಗಳನ್ನೆಲ್ಲ ಎದ್ದು ನಿಂತು ಓದಬೇಕು. ಅವು ಅವನ ಕೈಗೆ ಬರುವುದೇ ಊಟದ ಮೇಜಿನಲ್ಲಿ. ಬಾಯಿಪಾಠ ಮಾಡುವ ಹಾಗಿಲ್ಲ. ಯೋಸ್ಟೇನನಿಗೆ ಅಕ್ಷರಗಳು ಒಂದು ಕಡೆ ನಿಲ್ಲುತ್ತಿರಲಿಲ್ಲ. ಶಾಲೆಯಲ್ಲಿ ಕೋಡಂಗಿಯಾಟ ಆಡಿ ಪಾರಾಗಿದ್ದ, ತಂಗಿಗೂ ಗೊತ್ತಿರಲಿಲ್ಲ. ಒಲ್ಲೆ ಎಂದರೆ ಅವಳ ಮನಸ್ಸು ಮುರಿಯುತ್ತದೆ, ಹ್ಞೂಂ ಎಂದರೆ ಮದುವೆಮನೆಯೆಲ್ಲ ನಗುತ್ತದೆ. ಹ್ಞೂಂ ಅಂದ; ಮುಂದಿನ ಮಂಗಳವಾರ ರಸ್ತೆ ದಾಟಿ ಕ್ಲಬ್ಬಿನೊಳಗೆ ಕಾಲಿಟ್ಟ.

ಒಳಗೆ ಗುನ್‌ವೋರ್ ಇದ್ದಳು. ಕೆಲಸ ಬಿಡುವವರೆಗೂ ಫೆರ್ರಿ ಹಡಗಿನ ಕ್ಯಾಂಟೀನಿನಲ್ಲಿ ವಾಫಲ್ ಬೇಯಿಸಿದವಳು. ಸಂತೆಯ ದುಡ್ಡಿನಲ್ಲಿ ಕ್ಲಬ್ಬಿನವರು ಓದಲು ಕಷ್ಟಪಡುವ ದೊಡ್ಡವರಿಗೆಂದು ಒಂದು ಕೋಣೆ ಮಾಡಿದರು, ಪುಸ್ತಕ ತಂದರು; ಒಬ್ಬರೂ ಬರಲಿಲ್ಲ. ಆಗ ಆಕೆ ಮನೆಯಿಂದ ವಾಫಲ್ ಬೇಯಿಸುವ ಕರೆಂಟಿನ ಕಾವಲಿ ಹೊತ್ತು ತಂದಳಂತೆ.

"ಬಂದ್ಯಾ? ಆಚೆ ರಸ್ತೆ ಸವೆದು ಹೋಯ್ತಾ?"

"ನಾನು ಸದಸ್ಯ ಆಗಲ್ಲ."

"ನಿನ್ನ ಯಾರು ಕೇಳಿದ್ರು? ಕೂತ್ಕೋ."

ಆಕೆ ಹಿಟ್ಟು ಹುಯ್ದು ಮುಚ್ಚಳ ಮುಚ್ಚಿದಳು. ಸಂತೆಯಲ್ಲಿ ಮಾರಾಟವಾಗದೆ ಉಳಿದ ಹಳೇ ಶುಭಾಶಯ ಪತ್ರಗಳ ಡಬ್ಬಿಯನ್ನು ಅವನ ಮುಂದೆ ತಳ್ಳಿದಳು. ಕಾವಲಿಯ ದೀಪ ಆರುವ ತನಕ ಓದಬೇಕು. ಆರಿದ ಮೇಲೆ ಪದದ ನಡುವಿದ್ದರೂ ನಿಲ್ಲಿಸಿ ತಿನ್ನಬೇಕು.

"ಇನ್ನೊಂದೇ ಸಾಲಿದೆ."

"ವಾಫಲ್ ಆರುತ್ತೆ. ಸಾಲು ಎಲ್ಲಿಗೂ ಓಡಿಹೋಗಲ್ಲ."

ಮೊದಲ ವಾಫಲಿಗೆ ಅವನು ಓದಿದ್ದು 'ಪ್ರೀತಿಯ ಅತ್ತೆಗೆ' ಅಷ್ಟೇ. ಹಿಮ ಕರಗುವ ಹೊತ್ತಿಗೆ ಒಂದು ವಾಫಲಿಗೆ ಒಂದು ಇಡೀ ಪತ್ರ ಮುಗಿಯುತ್ತಿತ್ತು. ಹೊಟ್ಟೆಯೂ ಬಂದಿತ್ತು.

ಮದುವೆಯಲ್ಲಿ ಎರಡು ಶುಭಾಶಯ ಸಲೀಸಾಗಿ ದಾಟಿದವು. ಮೂರನೆಯದು ದೊಡ್ಡಮ್ಮನದು, ನಡುಗುವ ಕೈಬರಹ. ಅಕ್ಷರಗಳು ಮತ್ತೆ ಕುಣಿಯತೊಡಗಿದವು. ಮೊದಲಾಗಿದ್ದರೆ ಬೇಕೆಂದೇ ಗ್ಲಾಸು ಬೀಳಿಸಿ ನಗಿಸಿಬಿಡುತ್ತಿದ್ದ.

"ನಂಗೆ ಓದೋದು ಕಷ್ಟ," ಅಂದ. "ಸ್ವಲ್ಪ ತಡೀರಿ."

ತಡೆದರು. ಅವನು ಒಂದೊಂದೇ ಪದ ಹಿಡಿದು ಕಡೆಯವರೆಗೂ ಓದಿದ. ತೋರಿಲ್ ಮುಸುಕಿನ ತುದಿಯಿಂದ ಕಣ್ಣೊರೆಸಿಕೊಂಡಳು.

ಮುಂದಿನ ಮಂಗಳವಾರ ಅವನು ಮತ್ತೆ ಕ್ಲಬ್ಬಿಗೆ ಹೋದ. ಅವನ ಕುರ್ಚಿಯಲ್ಲಿ ಒಬ್ಬ ಮುದುಕ ಮೀನುಗಾರ 'ಪ್ರೀತಿಯ ಅತ್ತೆ'ಯ ಜೊತೆ ಗುದ್ದಾಡುತ್ತಿದ್ದ.

"ಮೂರನೇದ್ರಲ್ಲಿ ಸಿಕ್ಕಿಹಾಕ್ಕೊಂಡೆ," ಅಂದ ಯೋಸ್ಟೇನ್.

"ಆಮೇಲೆ?"

"ಓದ್ದೆ."

ಗುನ್‌ವೋರ್ ತಲೆಯಾಡಿಸಿ ಅವನ ಕೈಗೆ ಸೌಟು ಕೊಟ್ಟಳು. ಯೋಸ್ಟೇನ್ ದನಿ ತಗ್ಗಿಸಿ ಕೇಳಿದ: "ನಿಜ ಹೇಳು, ಗುನ್‌ವೋರ್. ವಾರವಾರ ನಾವು ಹಿಂಗೆ ತಡವರಿಸೋದು ಕೇಳಿ ಕೇಳಿ ನಿಂಗೆ ಬೇಜಾರಾಗಲ್ವಾ?"

"ಆಗುತ್ತೆ," ಅಂದಳು ಆಕೆ. "ಇಲ್ದಿದ್ರೆ ವಾಫಲ್ ಬೇಯೋ ತನಕ ಅಷ್ಟೇ ಯಾಕೆ ಓದಿಸ್ತಿದ್ದೆ?"