ಹುಣಸೇಮರಕ್ಕೆ ನೇತುಹಾಕಿದ ಕಂಬಳಿ

ಮೊನ್ನೆ ಮಧುಗಿರಿ ಕೋರ್ಟಿನ ಮುಂದೆ ಹುಣಸೇಮರದ ಕೊಂಬೆಗೆ ಒಂದು ಕರಿ ಕಂಬಳಿ ನೇತುಬಿದ್ದಿತ್ತು. ನೋಡಿದ ಕೂಡಲೇ ಗುರುತು ಸಿಕ್ಕಿತು. ಅದು ನಮ್ಮೂರ ಕುರಿ ಕಾಯುವ ಸಣ್ಣಪ್ಪನದು. ಹೆಗಲ ಮೇಲೆ ಕಂಬಳಿಯಿಲ್ಲದ ಸಣ್ಣಪ್ಪನನ್ನು ನಾನು ಮದುವೆ ಮನೆಯಲ್ಲೂ ನೋಡಿಲ್ಲ.

ಅವತ್ತು ಅವನು ಸಾಕ್ಷಿ ಹೇಳಬೇಕಿತ್ತು. ತಿಮ್ಮಕ್ಕನ ಕೇಸಿನಲ್ಲಿ.

ತಿಮ್ಮಕ್ಕ ನಿಮಗೆ ಗೊತ್ತಿಲ್ಲವಲ್ಲ? ಬಡವನಹಳ್ಳಿ ಪಕ್ಕದ ನಮ್ಮೂರಲ್ಲಿ ಕೂಲಿ ಮಾಡುವ ಹೆಂಗಸು. ಪಟೇಲರ ಪಂಪ್‌ಸೆಟ್ ತೊಟ್ಟಿಯಿಂದ ಒಂದು ಕೊಡ ನೀರು ಹಿಡಿದಳು ಅಂತ ಪಟೇಲರು ದೊಣ್ಣೆ ಬೀಸಿ ಅವಳ ಬಲಗೈ ಮುರಿದರು. (ಪಟೇಲಿಕೆ ಹೋಗಿ ಎಷ್ಟೋ ಕಾಲವಾಯಿತು. ನಮ್ಮೂರಲ್ಲಿ ಅವರು ಇನ್ನೂ ಪಟೇಲರೇ.) ಕಂಡವನು ಸಣ್ಣಪ್ಪ ಒಬ್ಬನೇ; ಬದುವಿನ ಮೇಲೆ ಕುರಿ ಬಿಟ್ಟುಕೊಂಡು ನಿಂತಿದ್ದ. ಮುರಿದ ಕೈ ನೆಟ್ಟಗೆ ಕೂಡಲಿಲ್ಲ. ತಿಮ್ಮಕ್ಕ ಈಗ ಕುಡುಗೋಲು ಹಿಡಿಯಲಾರಳು.

ನಮ್ಮ ಕಡೆ ನ್ಯಾಯಕ್ಕೆ ಕೂತರೆ ಕಂಬಳಿ ಹಾಸುತ್ತಾರೆ. ಅದು ದೇವರ ಗದ್ದುಗೆ. ಅದರ ಮೇಲೆ ಸುಳ್ಳಾಡಿದವನ ಮನೆ ಉಳಿಯುವುದಿಲ್ಲ ಅನ್ನುವುದು ನಂಬಿಕೆ. ಊರ ನ್ಯಾಯದಲ್ಲಿ ಸಣ್ಣಪ್ಪ ಕಂಬಳಿ ಮೇಲೆ ಕೂತು, ಪಟೇಲರ ಮುಖ ನೋಡಿಕೊಂಡೇ, ಕಂಡದ್ದನ್ನು ಕಂಡ ಹಾಗೆ ಹೇಳಿದ್ದ. ಪಟೇಲರು ಆ ನ್ಯಾಯಕ್ಕೆ ಸೊಪ್ಪು ಹಾಕಲಿಲ್ಲ. ಕೇಸು ಕೋರ್ಟಿಗೆ ಬಂತು.

ಕಟಕಟೆಯಲ್ಲಿ ಸಣ್ಣಪ್ಪ ಬರೀ ಅಂಗಿಯಲ್ಲಿ ನಿಂತಿದ್ದ. ದೇವರ ಹೆಸರಲ್ಲಿ ಪ್ರಮಾಣ ಮಾಡಿದ. ಆಮೇಲೆ ಹೇಳಿದ.

"ನಾನೇನೂ ನೋಡ್ನಿಲ್ಲ ಸ್ವಾಮಿ."

ಅಷ್ಟೇ. ತಿಮ್ಮಕ್ಕ ಅಳಲೂ ಇಲ್ಲ.

ಹೊರಗೆ ಬಂದವನನ್ನು ಮರದ ಕೆಳಗೆ ತಡೆದೆ. ಸಿಟ್ಟಿನಲ್ಲೇ ಕೇಳಿದೆ. "ಕಂಬಳಿ ಯಾರು ತೆಗೆಸಿದ್ದು? ಜವಾನನಾ? ಲಾಯರಾ?"

"ಯಾರೂ ಇಲ್ಲ ಮೇಷ್ಟ್ರೇ. ನಾನೇ ತೆಗ್ದು ಮರಕ್ಕಾಕ್ದೆ."

"ಯಾಕೆ?"

"ಬ್ಯಾಸ್ಗೇಲಿ ನನ್ ಕುರಿಗೆ ಪಟೇಲ್ರ ಬೀಳು ಹೊಲ್ದ ಮೇವೇ ಗತಿ. ಸಾಕ್ಷಿ ಹೇಳುದ್ರೆ ಅಲ್ಲಿಗೆ ಕಾಲಿಕ್ಕಂಗಿಲ್ಲ ಅಂದ್ಬುಟ್ರು. ಕಂಬ್ಳಿ ಹೊದ್ಕಂಡು ಹೆಂಗೆ ಸುಳ್ಳೇಳ್ಲಿ? ದ್ಯಾವ್ರಿಗೆ ಮೈಲ್ಗೆ ಆಗ್ಬಾರ್ದಲ್ಲ, ಅದ್ಕೇ ಬಿಚ್ಚಿಟ್ಟೆ."

ಇವನನ್ನು ನಂಬಿಕೆ ಇಲ್ಲದವನು ಅನ್ನುವ ಹಾಗಿಲ್ಲ. ಬೇಕಾದಷ್ಟಿತ್ತು. ತನ್ನ ಸುಳ್ಳು ದೇವರಿಗೆ ತಾಗದ ಹಾಗೆ ಜೋಪಾನ ಮಾಡಿದ. ತನ್ನನ್ನು ಜೋಪಾನ ಮಾಡುವುದನ್ನು ಮಾತ್ರ ಆ ದೇವರಿಗೆ ಬಿಡಲಿಲ್ಲ.

ಅವನೊಬ್ಬನೇ ಏನು? ವ್ರತದ ಮಾಲೆ ಹಾಕಿರುವಷ್ಟು ದಿನ ಲಂಚ ಮುಟ್ಟದ ಗುಮಾಸ್ತರನ್ನು ನಾನು ಬಲ್ಲೆ. ಮಾಲೆ ತೆಗೆದ ಸಂಜೆಯೇ ಅವರ ಟೇಬಲ್ಲಿನ ಡ್ರಾಯರು ತೆರೆದುಕೊಳ್ಳುತ್ತದೆ. ಶುಕ್ರವಾರ ತಪ್ಪದೆ ಗೊರವನಹಳ್ಳಿ ಅಮ್ಮನ ಗುಡಿಗೆ ಬಸ್ಸು ಹತ್ತುವ ಸಾರಾಯಿ ಕಂಟ್ರಾಕ್ಟರು ಶನಿವಾರ ಏನು ಕಲಸಿ ಮಾರುತ್ತಾನೆ ಅಂತ ಕುಡಿದವರ ಕಣ್ಣೇ ಹೇಳುತ್ತದೆ. ಎಲ್ಲರಿಗೂ ಕಂಬಳಿ ನೇತುಹಾಕಲು ಒಂದೊಂದು ಮರ ಸಿಕ್ಕಿಬಿಟ್ಟಿದೆ.

ತಿಮ್ಮಕ್ಕ ನಮ್ಮ ಹಿಂದೆಯೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಎಡಗೈಯಿಂದ ಕಂಬಳಿ ಇಳಿಸಿದಳು. ಧೂಳು ಕೊಡವಿ ಸಣ್ಣಪ್ಪನ ಹೆಗಲಿಗೆ ಹಾಕಿದಳು.

"ಕಂಬ್ಳಿ ಬಿಚ್ಚಿಟ್ಟೆ, ಸರಿ ಕಣಣ್ಣ. ನೋಡಿದ್ ಕಣ್ಣ ಎಲ್ಲಿಟ್ ಬಂದೆ?"