ಅತ್ತೆಗೆ ಗೊತ್ತಿದ್ದ ಕತ್ತಲೆ

ಟಕ್ ಎಂದು ಕಚ್ಚಿಕೊಳ್ಳುವ ಆ ಸದ್ದು ನಿಮಗೂ ಗೊತ್ತಿರಬಹುದು. ಚಾರ್ಜಾದ ಮ್ಯಾಗ್ನೆಟ್ ಲೈಟನ್ನು ಕಬ್ಬಿಣದ ಹತ್ತಿರ ಒಯ್ದರೆ ಸಾಕು, ಕೊನೆಯ ಬೆರಳಗಲ ದೂರವನ್ನು ತಾನೇ ಹಾರಿ ಅಂಟಿಕೊಂಡುಬಿಡುತ್ತದೆ. ಇವತ್ತು ರಜೆ. ರಜೆಯ ದಿನ ಸುಮ್ಮನೆ ಕೂರುವುದು ನನ್ನ ಜಾತಕದಲ್ಲಿಲ್ಲ. ಬೆಳಗಿನ ಚಹಾ ಆರುವ ಮೊದಲೇ ಮನೆಯ ಲೈಟುಗಳನ್ನೆಲ್ಲ ಕಿತ್ತು ತಂದು ಚಾರ್ಜಿಗೆ ಹಾಕಿದೆ; ಈಗ ಒಂದೊಂದಾಗಿ ಅಂಟಿಸುತ್ತ ತಿರುಗುತ್ತಿದ್ದೇನೆ. “ಕಾಲಿಗೆ ಗಾಲಿ ಕಟ್ಟಿಗೊಂಡೀ ಏನ?” ಎಂದು ಯಜಮಾನರು ಪಡಸಾಲೆಯಿಂದಲೇ ಕೇಳಿದರು. ಉತ್ತರ ಕೊಡುವಷ್ಟು ಹೊತ್ತು ನಾನು ಅಲ್ಲಿ ನಿಲ್ಲಲಿಲ್ಲ.

ನಮ್ಮದು ಇರಕಲ್ಲಗಡದ ಹಳೆಯ ಮಾಳಿಗೆ ಮನೆ. ಗೋಡೆಗಳು ಎಮ್ಮೆ ಅಡ್ಡ ಮಲಗುವಷ್ಟು ದಪ್ಪ. ಕಿಟಕಿ ಎಂಬುದು ಕಟ್ಟಿದವರಿಗೆ ನೆನಪೇ ಆಗಿಲ್ಲ. ಬೇಸಿಗೆಯಲ್ಲಿ ಕೊಪ್ಪಳದ ಆಫೀಸಿನಿಂದ ಬೆಂದು ಬಂದವಳಿಗೆ ಆ ತಂಪೇ ಸ್ವರ್ಗ. ಆದರೆ ಬೆಳಕಿಂಡಿಯಿಂದ ಇಳಿದ ಬಿಸಿಲು ನಡುಮನೆಯಲ್ಲಿ ಒಂದು ತಟ್ಟೆಯಷ್ಟು ಜಾಗ ಹಿಡಿದು ಅಲ್ಲೇ ಕೂತುಬಿಡುತ್ತದೆ. ಅಡುಗೆಮನೆಯ ಹಿಂದಿನ ಉಗ್ರಾಣದಲ್ಲಿ ಮಟಮಟ ಮಧ್ಯಾಹ್ನವೂ ಕತ್ತಲೆ. ವೈರು ಎಳೆಸೋಣವೆಂದರೆ ಆ ಮಣ್ಣಿನ ಗೋಡೆ ಮೊಳೆ ಹಿಡಿಯುವುದಿಲ್ಲ.

ಆ ಕತ್ತಲೆಯ ಒಡತಿ ನನ್ನ ಅತ್ತೆ. ಜೀರಿಗೆ ಎಂದರೆ ಜೀರಿಗೆ, ಗುರೆಳ್ಳು ಎಂದರೆ ಗುರೆಳ್ಳು, ಒಳಗೆ ಹೋದವರು ಕಣ್ಣು ಪಿಳುಕಿಸುವುದರಲ್ಲಿ ತರುತ್ತಿದ್ದರು. ಹೊಸ ಸೊಸೆಯಾಗಿ ಬಂದ ನಾನು ಅದೇ ಉಗ್ರಾಣದ ಹೊಸ್ತಿಲು ಎಡವಿ, ಹಿಟ್ಟಿನ ಡಬ್ಬಿಯ ಮೇಲೆ ಬಿದ್ದು, ಬಿಳಿ ದೆವ್ವದಂತೆ ಹೊರಗೆ ಬಂದದ್ದನ್ನು ಈಗಲೂ ಬೀಗರ ಮುಂದೆ ಹೇಳಿ ನಗುತ್ತಾರೆ. “ನಮ್ಮವ್ವಗ ದೀಪ ಬೇಕಾಗಿಲ್ಲ, ಕೈಯಾಗ ಕಣ್ಣದಾವ” ಎಂದು ಯಜಮಾನರಿಗೆ ಹೆಮ್ಮೆ. ನನಗೂ ಇತ್ತು.

ಕೆಲವು ವರ್ಷಗಳ ಹಿಂದೆ ಗಂಗಾವತಿಯ ಪೇಟೆಯಲ್ಲಿ ಈ ಲೈಟು ಕಂಡಿತು. ಯಾರಾದರೂ ಹತ್ತಿರ ಬಂದರೆ ತಾನೇ ಹತ್ತುತ್ತದೆ, ಹೋದರೆ ಆರುತ್ತದೆ. ತಂದ ದಿನವೇ ಉಗ್ರಾಣದ ತಗಡಿನ ಕಪಾಟಿಗೆ ಅಂಟಿಸಿದೆ. ಅಡ್ಡ ಬಂದ ಡಬ್ಬಿಗಳನ್ನು ಆಚೀಚೆ ಸರಿಸಿದೆ. ಅತ್ತೆಗೆ ಹೇಳಲಿಲ್ಲ, ಬೆಳಕು ಕಂಡು ತಾವೇ ಬೆರಗಾಗಲಿ ಎಂಬ ಆಸೆ.

ಮರುದಿನ ಅತ್ತೆಯ ತಮ್ಮ ಕುಷ್ಟಗಿಯಿಂದ ಊಟಕ್ಕೆ ಬಂದಿದ್ದರು. ಮೊದಲ ತುತ್ತಿಗೇ ಅವರು ತಲೆಯೆತ್ತಿ, “ಯಕ್ಕಾ, ಬ್ಯಾಳಿ ಮಾಡೀಯೋ ಪಾಯಸ ಮಾಡೀಯೋ?” ಎಂದರು. ಉಪ್ಪಿನ ಬದಲು ಸಕ್ಕರೆ ಬಿದ್ದಿತ್ತು. ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ಸರಸರ ಉಗ್ರಾಣಕ್ಕೆ ಹೋದರು. ನಾನು ಬೆನ್ನು ಹತ್ತಿದೆ.

ಲೈಟು ಹತ್ತಿ ಕೋಣೆ ಬೆಳಗಿತ್ತು. ಆ ಬೆಳಕಿನಲ್ಲಿ ಅತ್ತೆ ಮುಖ ಮೇಲೆತ್ತಿಕೊಂಡು, ಡಬ್ಬಿಗಳನ್ನು ಒಂದೊಂದಾಗಿ ತಡವುತ್ತ, ಮುಚ್ಚಳ ತೆಗೆದು ಮೂಸುತ್ತ ನಿಂತಿದ್ದರು.

“ನನ್ನ ಡಬ್ಬಿ ಯಾರ ಮುಟ್ಯಾರ?”

“ನಾನ್ರಿ ಅತ್ತಿ. ಲೈಟ್ ಹಚ್ಚಾಕ ಸರಿಸಿದ್ದೆ.”

“ಯಾವ ಲೈಟು?” ಎಂದವರು ತಡೆದು, ದನಿ ತಗ್ಗಿಸಿ ಕೇಳಿದರು: “ಒಳಗ ಬಂದ ಕೂಡ್ಲೆ ಬೆಳ್ಳಗ ಮಂಜು ಕವದಂಗ ಆತು. ಅದಾ ಏನ?”

ಅತ್ತೆಗೆ ಕಣ್ಣು ಕಾಣುತ್ತಿರಲಿಲ್ಲ. ಇಷ್ಟು ದಿನ ನಾವು ಕೈಚಳಕವೆಂದು ಮೆಚ್ಚಿದ್ದು ಇದನ್ನು.

“ನಿನ್ನ ಗಂಡಗ ಹೇಳಬ್ಯಾಡವಾ” ಎಂದು ಅತ್ತೆ ನನ್ನ ಕೈ ಹಿಡಿದರು.

“ಯಾಕ್ರಿ? ಕಣ್ಣಿಗೆ ಪೊರಿ ಬಂದಿರಬೇಕು, ತಗಸಿದ್ರ ಆತು.”

“ತಗಸೂ ಮಾತಲ್ಲ. ಗೊತ್ತಾದ ದಿನಾನ ನನ್ನ ಕೈಯಾಗಿನ ಸೌಟು ಕಸಗೊಂತೀರಿ. ನಮ್ಮವ್ವನ ಕಣ್ಣು ಹೋದಾಗ ಹಂಗ ಮಾಡಿದ್ರು. ಪಡಸಾಲಿ ಮೂಲ್ಯಾಗ ಕುಂದ್ರಿಸಿದ್ರು, ಸಾಯೂತನಕ ಕುಂತ್ಲು. ಉಣ್ಣು ಅಂದಾಗ ಉಂಡ್ಲು, ಮಕ್ಕೋ ಅಂದಾಗ ಮಕ್ಕೊಂಡ್ಲು.”

ಹೇಳುವುದಿಲ್ಲ ಎಂದೆ. ಆದರೆ ಆಫೀಸಿನಲ್ಲಿ ಫೈಲು ಬಿಚ್ಚಿದರೆ ಗ್ಯಾಸಿನ ಉರಿ ಕಾಣುತ್ತಿತ್ತು, ಅದರ ಮುಂದೆ ಜಾರುವ ಸೆರಗು ಕಾಣುತ್ತಿತ್ತು. ಬಸ್ಸಿನಲ್ಲಿ ಸೀಟು ಸಿಕ್ಕರೂ ಎದ್ದು ಬಾಗಿಲ ಹತ್ತಿರ ನಿಲ್ಲುತ್ತಿದ್ದೆ, ನಾನು ನಿಂತರೆ ಬಸ್ಸು ಬೇಗ ಹೋಗುತ್ತದೆಯೇನೋ ಎಂಬಂತೆ. ಓಣಿಯ ತಿರುವಿನಲ್ಲೇ ಮೂಗು ಅರಳಿಸಿ ಸುಟ್ಟ ವಾಸನೆ ಹುಡುಕುತ್ತಿದ್ದೆ. ಹೀಗೆ ಎಷ್ಟು ದಿನ? ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಎದುರು ಕೂತೆ.

“ಅತ್ತಿ, ಕಣ್ಣು ಛಲೋ ಆಗಲಿ, ಆಗದಿರಲಿ, ಸೌಟು ನಿಮ್ಮ ಕೈಯಾಗ ಇರತೈತಿ. ಡಬ್ಬಿ ನೀವಿಟ್ಟಲ್ಲೇ ಇರತಾವ. ನಾ ಮಾತು ಕೊಡತೀನ್ರಿ.”

ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ ಅತ್ತೆ ಹೇಳಿದರು: “ಈ ಮಾತು ನಿನ್ನ ಗಂಡನ ಬಾಯಿಲೆ ಹೇಳಸು.”

ಯಜಮಾನರಿಗೆ ಎಲ್ಲ ಹೇಳಿದೆ. ಅವರು ಎದ್ದು ಒಳಗೆ ಹೋಗಿ ತಾಯಿಯ ಪಕ್ಕದಲ್ಲಿ ನೆಲದ ಮೇಲೆ ಕೂತರು. “ಯವ್ವಾ, ನಿನ್ನ ಮೂಲ್ಯಾಗ ಕುಂದ್ರಿಸಿ ನಾ ಏನ ಉಣ್ಣಲಿ? ಇಕಿ ಮಾಡಿದ್ದ ಉಣ್ಣಬೇಕನ?” ಎಂದರು. ಅತ್ತೆ ನಕ್ಕುಬಿಟ್ಟರು. ನನ್ನ ಅಡುಗೆಯಿಂದ ಒಬ್ಬರಿಗಾದರೂ ಉಪಕಾರವಾದದ್ದು ಅದೇ ಮೊದಲು.

ಕೊಪ್ಪಳದಲ್ಲಿ ಆಪರೇಷನ್ ಆಯಿತು. ಒಂದು ಕಣ್ಣಿಗೆ ನೋಟ ಬಂತು. ಇನ್ನೊಂದಕ್ಕೆ ತಡವಾಗಿದೆ, ನೆರಳಷ್ಟೇ ಕಂಡೀತು ಎಂದರು ಡಾಕ್ಟರು. ಕಪ್ಪು ಕನ್ನಡಕ ಹಾಕಿಕೊಂಡೇ ಅತ್ತೆ ನೆಟ್ಟಗೆ ಉಗ್ರಾಣಕ್ಕೆ ಹೋದರು. ಲೈಟು ಹತ್ತಿತು. ಕನ್ನಡಕ ತುಸು ಎತ್ತಿ ಮೂಲೆಮೂಲೆ ನೋಡಿದರು.

“ಯಪ್ಪಾ, ಇಷ್ಟ ಜ್ಯಾಡ ಕಟ್ಟೈತಿ! ಇದರಾಗಿಂದ ತಂದು ನಾ ಅಡಗಿ ಮಾಡೀನಿ?”

ಆಮೇಲೆ ನನ್ನ ಕಡೆ ತಿರುಗಿದರು. ಜೇಡರ ಬಲೆ ನೋಡಿದಷ್ಟೇ ಗಮನವಿಟ್ಟು ನೋಡಿದರು. “ನಿನ್ನ ತಲ್ಯಾಗೂ ಬೆಳ್ಳಿ ಬಂದೈತಲ್ಲ ತಂಗಿ. ನೀ ಇನ್ನೂ ಹೊಸ ಸೊಸಿ ಅಂತನ ತಿಳಕೊಂಡಿದ್ನಿ” ಎಂದು ನನ್ನ ಕೆನ್ನೆ ಸವರಿದರು. ನನಗೆ ಅಳು ಬಂತು. ಪೊರಕೆ ತರುವ ನೆವದಲ್ಲಿ ಹೊರಗೆ ಬಂದೆ.

ಈಗ, ಕೊನೆಯ ಲೈಟು ಹಿಡಿದು ಬಚ್ಚಲಿನ ಕಡೆ ಹೊರಟವಳನ್ನು ಅತ್ತೆ ಪಡಸಾಲೆಯಿಂದ ಕೂಗಿದರು. ಹಳೆಯ ಸೀರೆಗಳನ್ನು ಹಾಸಿ ಕೌದಿ ಹೊಲಿಯಲು ಕೂತಿದ್ದಾರೆ. ಪಕ್ಕದಲ್ಲಿ ಯಜಮಾನರು, ಕಟ್ಟೆಯ ಮೇಲೆ ಓಣಿಯ ಇಬ್ಬರು ಹೆಂಗಸರು.

“ತಂಗಿ, ಈ ಸೂಜಿ ಪೋಣಸಿಕೊಡು. ನನಗ ಕಾಣವಲ್ದು.”

ದನಿ ತಗ್ಗಿಸದೆ, ಎಲ್ಲರಿಗೂ ಕೇಳುವಂತೆ, ಹಸಿವಾಗಿದೆ ಎನ್ನುವಷ್ಟು ಸಲೀಸಾಗಿ ಹೇಳಿದರು. ಯಾರೂ ತಿರುಗಿ ಕೂಡ ನೋಡಲಿಲ್ಲ. ನಾನು ದಾರ ಪೋಣಿಸಿ ಕೊಟ್ಟು ಏಳಹೋದೆ.

“ಎಲ್ಲಿಗೆ ಹೊಂಟಿ? ಇನ್ನೊಂದ ಸೂಜಿ ಐತಿ, ಕುಂದ್ರು. ನೀ ಆ ಕಡಿಂದ ಹೊಲಿ.”

ಕೂತೆ.